ಬೆಳ್ಳಿಯ ಮೈಮೇಲಿನ ಧೂಳು

ಆ ಭಾನುವಾರ ವೆಂಕಟಸ್ವಾಮಿಗೆ ಸಿಕ್ಕಿದ್ದು ಏನೂ ಮಾಡದೆ ಇರುವ ಕೆಲಸ. ಅದನ್ನು ಕೆಡಿಸಿಕೊಳ್ಳಲು ಅವನಿಗೆ ಮುಕ್ಕಾಲು ಗಂಟೆ ಸಾಕಾಯಿತು.

ಕೆಲಸ ಒಪ್ಪಿಸಿದವರು ಮನೆ ಓನರ್ ಮುನಿಆಂಜನಪ್ಪನವರು. ಹೊಸ ತಿಪ್ಪಸಂದ್ರದಲ್ಲಿ ಈಗ ಅವರ ಮೂರಂತಸ್ತಿನ ಕಟ್ಟಡ ನಿಂತಿರುವ ಜಾಗದಲ್ಲೇ ಅವರ ತಂದೆ ರಾಗಿ ಬೆಳೆಯುತ್ತಿದ್ದರು. ಹೊಲ ಹೋಗಿ ಕಟ್ಟಡ ಬಂದ ಮೇಲೆ ಕೈಗೆ ಮಣ್ಣು ಮೆತ್ತದೆ ಊಟ ಸೇರದಂತಾಗಿ, ಯಜಮಾನರು ಟೆರೇಸಿನಲ್ಲಿ ಸಕ್ಯುಲೆಂಟ್ ಸಾಕಲು ಶುರು ಮಾಡಿದ್ದರು. ದಪ್ಪ ಎಲೆಯ, ನೀರು ಹೆಚ್ಚಾದರೆ ಬೇರು ಕೊಳೆತು ಸಾಯುವ, ಅಂಗೈಯಗಲದ ಗಿಡಗಳು. ಒಟ್ಟು ಮೂವತ್ತೊಂಬತ್ತಿದ್ದವು. "ನಮ್ಮಪ್ಪ ಮಳೆ ಬರ್ಲಿ ಅಂತ ಆಕಾಶ ನೋಡ್ತಿದ್ದ, ನಾನು ಬರ್ದೇ ಇರ್ಲಿ ಅಂತ ನೋಡ್ತೀನಿ" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಆ ಮೂವತ್ತೊಂಬತ್ತರಲ್ಲಿ ಪಟ್ಟದರಾಣಿ ಬೆಳ್ಳಿ. ತಾವರೆಯ ಎಸಳಿನ ಹಾಗೆ ಸುತ್ತಲೂ ಒತ್ತಾಗಿ ಜೋಡಿಸಿದ ಎಲೆಗಳು, ಎಲೆಗಳ ಮೇಲೆ ತೆಳ್ಳಗಿನ ಬಿಳಿ ಹೊದಿಕೆ. ನರ್ಸರಿಯವರು ಹೇಳಿಕೊಟ್ಟ ಹೆಸರು ನಾಲಿಗೆಯಲ್ಲಿ ಹೊರಳದೆ ಯಜಮಾನರು ತಾವೇ ಬೆಳ್ಳಿ ಎಂದು ಹೆಸರಿಟ್ಟಿದ್ದರು. ಅಂದು ಸಂಜೆ ಐದಕ್ಕೆ ಇಂದಿರಾನಗರದಲ್ಲಿ ಗಿಡಪ್ರಿಯರ ಬಳಗದ ಸಕ್ಯುಲೆಂಟ್ ಶೋ ಇತ್ತು. ಹಿಂದಿನ ಎರಡು ವರ್ಷವೂ ಬೆಳ್ಳಿಗೆ ಎರಡನೇ ಬಹುಮಾನ ಬಂದಿತ್ತು. ಈ ಸಲ ಮೊದಲನೆಯದು ಬರದಿದ್ದರೆ ಯಜಮಾನರು ವಾರವಿಡೀ ಮಾತು ಬಿಡುತ್ತಾರೆಂದು ಇಡೀ ಕಟ್ಟಡಕ್ಕೇ ಗೊತ್ತಿತ್ತು.

ಆದರೆ ಅದೇ ದಿನ ಕೆ.ಆರ್. ಪುರದಲ್ಲಿ ಅವರ ಹೆಂಡತಿ ಆಂಜನಮ್ಮನ ತಮ್ಮನ ಮನೆಯಲ್ಲಿ ನಾಮಕರಣ. ಟೆರೇಸಿನಲ್ಲಿ ಪಾರಿವಾಳದ ಕಾಟ, ಮೇಲಿಂದ ಮೇ ತಿಂಗಳ ಮಳೆ ಯಾವಾಗ ಸುರಿಯುತ್ತದೋ ಹೇಳುವಂತಿಲ್ಲ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಯಜಮಾನರು ಬೆಳ್ಳಿಯ ಕುಂಡ ಹಿಡಿದು, ಹಸುಗೂಸನ್ನು ಹೊತ್ತವರಂತೆ ಒಂದೊಂದೇ ಮೆಟ್ಟಿಲಿಳಿದು, ನೆಲಮಹಡಿಯ ವೆಂಕಟಸ್ವಾಮಿಯ ಜಗುಲಿಗೆ ಬಂದರು.

"ನೀರು ಹಾಕ್ಬೇಡ. ಮೊನ್ನೆ ಹಾಕಿದ್ದೀನಿ, ಇನ್ನು ಹತ್ತು ದಿನ ಅದಕ್ಕೆ ನೀರಿನ ನೆನಪೇ ಆಗಲ್ಲ."

"ಸರಿ ಯಜಮಾನ್ರೇ."

"ಹತ್ತು ಗಂಟೆವರೆಗೂ ಬಿಸಿಲಲ್ಲಿರ್ಲಿ, ಆಮೇಲೆ ನೆರಳಿಗೆ ಸರಿಸು. ಕುಂಡ ಹಿಡ್ಕೊಂಡು ಸರಿಸ್ಬೇಕು, ಗಿಡ ಹಿಡ್ಕೊಂಡಲ್ಲ."

"ಸರಿ. ಇನ್ನೇನು ಮಾಡ್ಲಿ?"

"ಇನ್ನೇನೂ ಮಾಡ್ಬೇಡ ಅಂತಾನೇ ಕಣಯ್ಯ ಹೇಳ್ತಾ ಇರೋದು."

ಹಿಂದೆ ರೇಷ್ಮೆ ಸೀರೆಯುಟ್ಟು ನಿಂತಿದ್ದ ಆಂಜನಮ್ಮ, "ಮುಟ್ಬೇಡಪ್ಪ ಸ್ವಾಮಿ, ಯಾರಿಗೂ ಮುಟ್ಟಕ್ಕೆ ಬಿಡ್ಬೇಡ" ಎಂದು ಎರಡು ಸಲ ಹೇಳಿ ಆಟೋ ಹತ್ತಿದರು.

ವೆಂಕಟಸ್ವಾಮಿಗೆ ಹಬ್ಬ ಬಂದಷ್ಟು ಸಂತೋಷವಾಯಿತು. ಈ ಇಬ್ಬರ ಋಣ ಅವನ ಎದೆಯ ಮೇಲೆ ಒಂದು ವರ್ಷದಿಂದ ಕೂತಿತ್ತು. ಹೆಂಡತಿ ಯಮುನಾಳಿಗೆ ಹೆರಿಗೆ ನೋವು ಬಂದ ದಿನ ಪೈಪ್ ಹಾಕಲು ಬೀದಿಯನ್ನೆಲ್ಲ ಅಗೆದುಬಿಟ್ಟಿದ್ದರು. ಆಂಬುಲೆನ್ಸ್ ಒಳಗೆ ಬರಲಾಗಲಿಲ್ಲ. ಅರವತ್ತೆಂಟರ ಯಜಮಾನರು ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ವೆಂಕಟಸ್ವಾಮಿ, ಇನ್ನೊಂದು ಕಡೆ ತಾವು ಹಿಡಿದು, ಗುಂಡಿ ಹಾಯಿಸಿಕೊಂಡು ಮುಖ್ಯ ರಸ್ತೆಯವರೆಗೆ ಹೊತ್ತಿದ್ದರು. ಆಮೇಲೆ ಹದಿನೈದು ದಿನ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡಾಡಿದರು. ಯಮುನಾಳಿಗೆ ತಾಯಿಯಿಲ್ಲವೆಂದು ಆಂಜನಮ್ಮ ಮೂರು ತಿಂಗಳು ಬಾಣಂತನ ಮಾಡಿದರು. ಮಗಳು ದೀಪುವಿಗೆ ಎರಡು ತಿಂಗಳವರೆಗೆ ಎಣ್ಣೆ ತಿಕ್ಕಿ ನೀರೆರೆದದ್ದೂ ಅವರೇ.

ಋಣ ತೀರಿಸಲು ವೆಂಕಟಸ್ವಾಮಿ ಮಾಡದ ಪ್ರಯತ್ನವಿರಲಿಲ್ಲ. ಯುಗಾದಿಗೆ ಪಂಚೆ ಕೊಟ್ಟ. ಅವರು ದೀಪುವಿಗೆ ಕಾಲ್ಗೆಜ್ಜೆ ಕೊಟ್ಟರು. ಶಿವಾಜಿನಗರದ ಕನ್ನಡಕದಂಗಡಿಯಲ್ಲಿ ಅವನಿಗೆ ಕೆಲಸ. ಒಳ್ಳೆಯ ಕನ್ನಡಕವೊಂದನ್ನು ತನ್ನ ಕೈಯಾರೆ ಮಾಡಿಕೊಡೋಣವೆಂದು ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿಸಿದರೆ, ಆ ವಯಸ್ಸಿನಲ್ಲೂ ಅವರಿಗೆ ಕೊನೆಯ ಸಾಲು ಸಲೀಸಾಗಿ ಕಾಣುತ್ತಿತ್ತು. ವಾಪಸ್ ಬರುವಾಗ ದೋಸೆ ಕೊಡಿಸಿದ್ದೂ ಅವರೇ.

ಈಗ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ವೆಂಕಟಸ್ವಾಮಿ ಕುರ್ಚಿ ಹಾಕಿಕೊಂಡು ಬೆಳ್ಳಿಯ ಎದುರಿಗೆ ಕೂತ.

ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಹೋಯಿತು. ಆಮೇಲೆ ಬಿಸಿಲು ಎಲೆಗಳ ಮೇಲೆ ಓರೆಯಾಗಿ ಬಿದ್ದು, ಬಿಳಿ ಪುಡಿ ಎದ್ದು ಕಾಣಿಸಿತು. ಬೀದಿ ತುಂಬ ಕಟ್ಟಡ ಕೆಲಸ, ಧೂಳು ಬರದೆ ಏನು ಎಂದುಕೊಂಡ. ಇಪ್ಪತ್ತೊಂದು ವರ್ಷದಿಂದ ದಿನಕ್ಕೆ ನೂರು ಕನ್ನಡಕ ಒರೆಸುವ ಕೈ ಅದು. ಮಸುಕಾದದ್ದೇನಾದರೂ ಕಂಡರೆ ತಲೆಯ ಅಪ್ಪಣೆಗೆ ಕಾಯುವ ಅಭ್ಯಾಸ ಅದಕ್ಕಿಲ್ಲ. ಅಂಗಿಯ ಜೇಬಿನಲ್ಲಿ ಭಾನುವಾರವೂ ಇರುತ್ತಿದ್ದ ಹಳದಿ ಬಟ್ಟೆ ಆಚೆ ಬಂತು. ಬಾಯಿ ತಾನಾಗಿ 'ಹಾ' ಎಂದು ಒಂದು ಎಲೆಯ ಮೇಲೆ ಉಸಿರು ಬಿಟ್ಟಿತು. ಧೂಳು ಸ್ವಲ್ಪ ಅಂಟಂಟಾಗಿತ್ತು, ಆದರೂ ಬಂತು. ಕೆಳಗಿನಿಂದ ಮಿರಿಮಿರಿ ಹಸಿರು ಇಣುಕಿತು. ಒಂದು ಎಲೆ ಹೊಳೆದು ಉಳಿದವು ಮಾಸಲಾಗಿದ್ದರೆ ನೋಡಲು ಚೆನ್ನಾಗಿರುತ್ತದೆಯೇ? ವೆಂಕಟಸ್ವಾಮಿ ಎಲ್ಲವನ್ನೂ ಒರೆಸಿದ. ಒರೆಸುತ್ತ ಒರೆಸುತ್ತ ಯಜಮಾನರು ಸಂಜೆ ಬಂದು ಏನನ್ನುತ್ತಾರೋ ಎಂದು ನೆನೆದು ಅವನ ಕಣ್ಣಲ್ಲಿ ನೀರೇ ಬಂತು.

ಆಗ ಮೆಟ್ಟಿಲಿಳಿದು ಬಂದವನು ಎರಡನೇ ಮಹಡಿಯ ಸಾಯಬಣ್ಣ. ಯಾದಗಿರಿ ಕಡೆಯವನು, ಬೈಯಪ್ಪನಹಳ್ಳಿ ಮೆಟ್ರೋ ಡಿಪೋದಲ್ಲಿ ಕೆಲಸ. ಬಿಡುವಿದ್ದಾಗ ಯಜಮಾನರ ಕುಂಡಗಳನ್ನು ಎತ್ತಿಡುತ್ತಿದ್ದ, ಜೊತೆಗೆ ಅವರ ಉಪನ್ಯಾಸವನ್ನೂ ಕೇಳುತ್ತಿದ್ದ.

"ಅಣ್ಣಾರ, ಏನ್ ಮಾಡ್ಲಿಕತ್ತೀರಿ?"

"ಧೂಳು ಒರೆಸ್ದೆ ಸಾಯಬಣ್ಣ. ನೋಡು ಹೇಗಿದೆ."

ಸಾಯಬಣ್ಣ ನೋಡಿದ. ಮೆಲ್ಲಗೆ ಮೆಟ್ಟಿಲ ಮೇಲೆ ಕೂತ. "ಅದು ಧೂಳಲ್ರೀ. ಬಿಸಲ ತಡ್ಕೊಳ್ಳಾಕ ಗಿಡ ತನ್ನ ಮೈಗೆ ತಾನ ಹಚ್ಕೊಂಡಿರೋ ಪುಡಿ ಅದು. ಒಮ್ಮೆ ಹೋತಂದ್ರ ಆ ಎಲಿಗಿ ತಿರುಗಿ ಬರಂಗಿಲ್ಲ. ಶೋದಾಗ ಮಾರ್ಕ್ ಹಾಕೋದು ಅದಕ್ಕರೀ."

ಯಮುನಾ ಒಳಗಿನಿಂದ ಬಂದು ಮೊಬೈಲಿನಲ್ಲಿ ಹುಡುಕಿ ನೋಡಿದಳು. ಅದೂ ಸಾಯಬಣ್ಣನ ಮಾತನ್ನೇ ಹೇಳಿತು. "ರೀ, ಸುಮ್ನೆ ಕೂತಿರಿ ಅಂದ್ರೆ ಕೂರಕ್ಕಾಗಲ್ವಾ ನಿಮ್ಗೆ?" ಎಂದಳು. ಮದುವೆಯಾದ ಆರು ವರ್ಷದಿಂದ ಅವಳು ಕೇಳುತ್ತಿದ್ದ ಪ್ರಶ್ನೆ ಅದು. ಅವನು ಹಳದಿ ಬಟ್ಟೆಯನ್ನು ಮಡಿಸಿ ಜೇಬಿಗೆ ಸೇರಿಸಿದ.

ಇಂಥದ್ದೇ ಇನ್ನೊಂದು ಗಿಡ ತಂದಿಟ್ಟರೆ ಹೇಗೆ ಎಂದು ವೆಂಕಟಸ್ವಾಮಿಗೆ ಹೊಳೆಯಿತು. ಅಳತೆಗಿರಲಿ ಎಂದು ಬೆಳ್ಳಿಯನ್ನೂ ತೊಡೆಯ ಮೇಲಿಟ್ಟುಕೊಂಡು, ಸಾಯಬಣ್ಣನ ಜೊತೆ ಆಟೋದಲ್ಲಿ ಹಲಸೂರು ಕೆರೆಯ ಕಡೆಯ ನರ್ಸರಿಗೆ ಹೋದ. ನರ್ಸರಿಯವನು ಬೆಳ್ಳಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಈ ಸೈಜ್ ಬರಕ್ಕೆ ಐದು ವರ್ಷ ಬೇಕು ಸಾರ್. ನನ್ನ ಹತ್ರ ಇರೋದು ಇಷ್ಟೇ" ಎಂದು ರೂಪಾಯಿ ನಾಣ್ಯದಷ್ಟು ಅಗಲದ್ದೊಂದನ್ನು ತೋರಿಸಿದ. ಆಮೇಲೆ, "ಇದ್ಯಾಕೆ ಸಾರ್ ಹಿಂಗ್ ಹೊಳೀತಿದೆ, ಎಣ್ಣೆ ಹಚ್ಚಿದ್ರಾ?" ಎಂದ. ವಾಪಸ್ ಬರುವಾಗ ಆಟೋ ಒಂದು ಹಂಪ್ ಹಾರಿಸಿತು. ಬೆಳ್ಳಿಯ ಕೆಳಗಿನ ಎಲೆಯೊಂದು ಮುರಿದು ವೆಂಕಟಸ್ವಾಮಿಯ ಕೈಗೆ ಬಂತು.

"ಅದನ್ನ ಒಗೀಬ್ಯಾಡ್ರಿ" ಎಂದ ಸಾಯಬಣ್ಣ. "ಮಣ್ಣಿನ ಮ್ಯಾಲ ಸುಮ್ನ ಇಟ್ರ ಬೇರು ಬಿಡ್ತದ. ಒಂದ್ ವರ್ಷದಾಗ ಮತ್ತೊಂದು ಗಿಡ ಆಗ್ತದ."

"ಶೋ ಇವತ್ತು ಐದು ಗಂಟೆಗೆ ಸಾಯಬಣ್ಣ" ಎಂದ ವೆಂಕಟಸ್ವಾಮಿ.

ಮನೆಗೆ ಬಂದಾಗ ಹನ್ನೆರಡು ಹೊಡೆದಿತ್ತು. ಸಾಯಬಣ್ಣ ಈ ವಿಷಯವನ್ನು ಇಲ್ಲಿಗೆ ಬಿಡುವವನಲ್ಲ. ಹಿಂದಿನ ವರ್ಷ ಅವನಿಗೆ ಡೆಂಗಿ ಬಂದು ಮಲಗಿದಾಗ ಎಂಟು ದಿನ ಗಂಜಿ ಕಳಿಸಿದ್ದವರು ಆಂಜನಮ್ಮ. ಅವರ ಮನೆಯ ಯಜಮಾನರು ಸಭೆಯಲ್ಲಿ ತಲೆ ತಗ್ಗಿಸುವುದೆಂದರೆ ಅವನಿಗೆ ತಡೆಯದು. "ಇಭೂತಿ ಹಚ್ಚಿ ನೋಡೂಣ್ರಿ" ಎಂದು ದೇವರ ಗೂಡಿನಿಂದ ತರಿಸಿ, ಚಿಟಿಕೆ ಚಿಟಿಕೆಯಾಗಿ ಉದುರಿಸಿದ. ಬೂದು ಬಣ್ಣ ಗಂಟುಗಂಟಾಗಿ ನಿಂತಿತು. ಬೆಳ್ಳಿ ಈಗ ಒಲೆಯ ಪಕ್ಕದಲ್ಲಿ ಬಿದ್ದು ಎದ್ದು ಬಂದವಳ ಹಾಗೆ ಕಂಡಳು. ನೀರಿನಲ್ಲಿ ತೊಳೆಯುವಂತಿಲ್ಲ, ಬಟ್ಟೆಯಲ್ಲಿ ಒರೆಸಲು ವೆಂಕಟಸ್ವಾಮಿಯ ಕೈಗೆ ಧೈರ್ಯವಿಲ್ಲ.

"ಊದಬೇಕು" ಎಂದಳು ಯಮುನಾ. ಊದುವ ಯಂತ್ರವಿದ್ದದ್ದು ಕಟ್ಟಡದ ಮುಂದಿನ ಅಂಗಡಿಯಲ್ಲಿ, ಆತಿಕಾಳ ಬ್ಯೂಟಿ ಪಾರ್ಲರಿನಲ್ಲಿ. ಬೆನ್ಸನ್ ಟೌನಿನಿಂದ ಮದುವೆಯಾಗಿ ಈ ಕಡೆ ಬಂದ ಆತಿಕಾ, ಮದುಮಗಳೊಬ್ಬಳ ಒಂದು ಹುಬ್ಬು ಮುಗಿಸಿ ಇನ್ನೊಂದಕ್ಕೆ ಕೈಹಾಕಿದ್ದಳು. ಬಾಗಿಲಲ್ಲಿ ಕುಂಡ ಹಿಡಿದು ನಿಂತ ಮೂವರ ಮುಖ ನೋಡಿ ದಾರವನ್ನು ಕೆಳಗಿಟ್ಟಳು.

"ಅರೆ ವೆಂಕಟ್ ಭಾಯ್, ಇದು ಅಂಕಲ್‌ದು ಬೆಳ್ಳಿ ಅಲ್ವಾ? ಏನ್ ಮಾಡಿದ್ರಿ ಇದಕ್ಕೆ?"

ವೆಂಕಟಸ್ವಾಮಿ ಹೇಳಿದ. ಆತಿಕಾ ತಲೆ ಮೇಲೆ ದುಪಟ್ಟಾ ಎಳೆದುಕೊಂಡಳು. "ಮೂರು ಬೀದಿ ಸುತ್ತಿದ್ದೆ ಭಾಯ್, ಯಾರೂ ನನಗೆ ಅಂಗಡಿ ಕೊಟ್ಟಿಲ್ಲ. ಅಂಕಲ್ ಒಂದು ಮಾತು ಕೇಳ್ಲಿಲ್ಲ, ಬೀಗದ ಕೈ ಕೊಟ್ಬಿಟ್ರು. ಇಲ್ಲಿ ಇಡಿ ಅದನ್ನ" ಎಂದು ಮದುಮಗಳನ್ನು ಪಕ್ಕದ ಸ್ಟೂಲಿಗೆ ಕಳಿಸಿ, ಬೆಳ್ಳಿಯನ್ನು ದೊಡ್ಡ ಕನ್ನಡಿಯ ಮುಂದೆ ಕುರ್ಚಿಯಲ್ಲಿ ಕೂರಿಸಿದಳು.

ಡ್ರೈಯರನ್ನು ತಣ್ಣನೆ ಗಾಳಿಗಿಟ್ಟು ವಿಭೂತಿಯನ್ನೆಲ್ಲ ಹಾರಿಸಿದಳು. ಯಜಮಾನರ ಪಟವೊಂದು ಮೊಬೈಲಿನಲ್ಲಿತ್ತು, ಬೆಳ್ಳಿಯ ಪಕ್ಕದಲ್ಲಿ ನಿಂತು ಹಲ್ಲುಬಿಟ್ಟಿದ್ದು; ಅದನ್ನು ನೋಡಿಕೊಂಡು ಮೂರು ಡಬ್ಬಿಯ ಪೌಡರ್ ಬೆರೆಸಿ ಬಣ್ಣ ಹೊಂದಿಸಿದಳು. "ಇದಕ್ಕೆ ಶೈನಿಂಗ್ ಬೇಡ, ಮ್ಯಾಟ್ ಬೇಕು" ಎಂದು ಅತಿ ಮೆತ್ತನೆಯ ಬ್ರಷ್ ತೆಗೆದು ಒಂದೊಂದೇ ಎಲೆಗೆ, ಒಳಗಿನಿಂದ ಹೊರಕ್ಕೆ, ಉಸಿರು ಬಿಗಿಹಿಡಿದು ಸವರಿದಳು. ಎಲೆಯ ತುದಿಗಳಿಗೆ ಇಷ್ಟೇ ಇಷ್ಟು ಗುಲಾಬಿ ಮುಟ್ಟಿಸಿದಳು. ಸಾಯಬಣ್ಣ ಟಾರ್ಚ್ ಹಿಡಿದ. ಯಮುನಾ ದೀಪುವನ್ನು ದೂರ ಹಿಡಿದಳು. ವೆಂಕಟಸ್ವಾಮಿಯನ್ನು ಆತಿಕಾ ಹೊರಗೆ ನಿಲ್ಲಿಸಿದ್ದಳು. ಮದುಮಗಳೂ ಒಂದು ಹುಬ್ಬಿನಲ್ಲೇ ಎದ್ದು ಬಂದು, "ಆ ಕಡೆ ಎಲೆಗೆ ಸ್ವಲ್ಪ ಕಮ್ಮಿ ಆಯ್ತು ಅಕ್ಕಾ" ಎಂದಳು.

ಮೂರೂವರೆಗೆ ಬೆಳ್ಳಿ ಜಗುಲಿಗೆ ಮರಳಿದಳು. ನಿಜ ಹೇಳಬೇಕೆಂದರೆ ಅವಳು ಅಷ್ಟು ಚೆಲುವಾಗಿ ಯಾವತ್ತೂ ಇರಲಿಲ್ಲ. ವೆಂಕಟಸ್ವಾಮಿ ಎಲ್ಲರಿಗೂ ಕೈಮುಗಿದ. ಇಬ್ಬರ ಋಣ ತೀರಿಸಲು ಹೋಗಿ ಇನ್ನೂ ಇಬ್ಬರ ಋಣ ತಲೆಗೇರಿತಲ್ಲ ಎಂಬುದೂ ಅವನಿಗೆ ಹೊಳೆಯದೆ ಹೋಗಲಿಲ್ಲ.

ನಾಲ್ಕಕ್ಕೆ ಯಜಮಾನ ದಂಪತಿಗಳು ಬಂದಿಳಿದರು. ಕೊನೆಯ ಸಾಲನ್ನೂ ಓದಬಲ್ಲ ಕಣ್ಣುಗಳು ಬೆಳ್ಳಿಯ ಮೇಲೆ ಬಿದ್ದು ಅಲ್ಲೇ ನಿಂತವು.

"ಬೆಳಿಗ್ಗೆಗಿಂತ ಚೆನ್ನಾಗಿದೆಯಲ್ಲೇ" ಎಂದರು ಯಜಮಾನರು ಹೆಂಡತಿಗೆ. ಆಂಜನಮ್ಮ ಮೊಣಕೈಯಿಂದ ಅವರನ್ನು ತಿವಿದರು. "ಮುಟ್ಲಿಲ್ಲ ತಾನೇ?" ಎಂದು ಯಜಮಾನರು ವೆಂಕಟಸ್ವಾಮಿಯ ಕಡೆ ತಿರುಗಿದರು.

"ನಾನು ಹತ್ರಾನೂ ಹೋಗ್ಲಿಲ್ಲ ಯಜಮಾನ್ರೇ" ಎಂದ ವೆಂಕಟಸ್ವಾಮಿ. ಕೊನೆಯ ಎರಡು ಗಂಟೆಯ ಮಟ್ಟಿಗೆ ಅದು ನಿಜವೇ ಆಗಿತ್ತು.

"ನೀನೂ ಬಾ ಶೋಗೆ. ಕಾದವನು ನೀನು, ನೀನೇ ಹಿಡ್ಕೊ" ಎಂದು ಯಜಮಾನರು ಆಂಜನಮ್ಮನ ಜೊತೆ ಅವನನ್ನೂ ಆಟೋಗೆ ಹತ್ತಿಸಿದರು. ದಾರಿಯುದ್ದಕ್ಕೂ ವೆಂಕಟಸ್ವಾಮಿ ಉಸಿರನ್ನು ಪಕ್ಕಕ್ಕೆ ಬಿಟ್ಟ.

ಸಭಾಂಗಣದಲ್ಲಿ ಉದ್ದನೆಯ ಮೇಜುಗಳ ಮೇಲೆ ನೂರಾರು ಕುಂಡಗಳಿದ್ದವು. ಬೆಳ್ಳಿಯ ಮುಂದೆ ಜನ ಸೇರಿದರು, ಫೋಟೋ ತೆಗೆದರು. ತೀರ್ಪುಗಾರರಾದ ಪ್ರಿಯಾ ಮೇಡಂ ಮೂರು ಸಲ ಹಾದುಹೋದವರು ನಾಲ್ಕನೇ ಸಲ ನಿಂತರು. ಬಗ್ಗಿ ನೋಡಿದರು, ಮೂಸಿ ನೋಡಿದರು. ಆಮೇಲೆ ಬಾಯಿ ಸಣ್ಣಗೆ ಮಾಡಿ ಒಂದು ಎಲೆಯ ಮೇಲೆ ಮೃದುವಾಗಿ ಊದಿದರು. ಬಿಳಿ ಪುಡಿ ಎದ್ದು ಅವರ ಕಪ್ಪು ಸೀರೆಯ ಮೇಲೆ ಇಳಿಯಿತು.

"ಇದಕ್ಕೆ ಏನೋ ಹಚ್ಚಿದ್ದೀರಲ್ಲ" ಎಂದರು ಮೇಡಂ. ಸುತ್ತಲಿದ್ದವರು ಕುತ್ತಿಗೆ ಚಾಚಿದರು.

ವೆಂಕಟಸ್ವಾಮಿ ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುನಿಆಂಜನಪ್ಪನವರು ಒಂದು ಹೆಜ್ಜೆ ಮುಂದಿಟ್ಟು ತಲೆ ತಗ್ಗಿಸಿದರು.

"ನಾನೇ ಹಚ್ಚಿದ್ದು ಮೇಡಂ. ತಪ್ಪಾಯ್ತು. ಅಕ್ಕಿ ಹಿಟ್ಟು."

"ಅಕ್ಕಿ ಹಿಟ್ಟಿಗೆ ಗುಲಾಬಿ ವಾಸನೆ ಬರುತ್ತಾ?" ಎಂದರು ಮೇಡಂ. ಯಜಮಾನರು ತಾವೇ ಗೊಂದಲಕ್ಕೆ ಬಿದ್ದವರಂತೆ ಬೆಳ್ಳಿಯನ್ನು ನೋಡಿದರು, ಮತ್ತೆ "ಅಕ್ಕಿ ಹಿಟ್ಟೇ" ಎಂದರು. ಅಯ್ಯೋ, ಜನ್ಮದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ಜೀವ, ನನ್ನನ್ನು ಉಳಿಸಲು ಬಾಯಿಗೆ ಬಂದದ್ದು ಹೇಳುತ್ತಿದೆ ಎಂದುಕೊಂಡ ವೆಂಕಟಸ್ವಾಮಿ. ಗಿಡಕ್ಕೆ ಪುಡಿ, ಎಣ್ಣೆ, ಬಣ್ಣ ಏನೇ ಹಚ್ಚಿದರೂ ಎರಡು ವರ್ಷ ಶೋಗೆ ಬರುವಂತಿಲ್ಲ ಎಂಬುದು ಬಳಗದ ನಿಯಮ. ಮೇಡಂ ಬೇಸರದಿಂದಲೇ ಹೆಸರಿನ ಚೀಟಿ ತೆಗೆದು ಕುಂಡವನ್ನು ವೆಂಕಟಸ್ವಾಮಿಯ ಕೈಗೆ ಕೊಟ್ಟರು.

ವಾಪಸ್ ಹೋಗುವ ಆಟೋದಲ್ಲಿ ವೆಂಕಟಸ್ವಾಮಿಯ ದುಃಖ ಕಟ್ಟೆಯೊಡೆಯಿತು.

"ಯಜಮಾನ್ರೇ, ನಿಮ್ಮಂಥೋರನ್ನ ನಾನು ಎಲ್ಲೂ ಕಂಡಿಲ್ಲ. ಎಲ್ಲರ ಮುಂದೆ ನನಗೋಸ್ಕರ ಯಾಕೆ ಸುಳ್ಳು ಹೇಳಿದ್ರಿ?"

"ಯಾವ ಸುಳ್ಳು?"

"ಅದೇ, ಅಕ್ಕಿ ಹಿಟ್ಟು ಅಂತ."

"ಅಕ್ಕಿ ಹಿಟ್ಟೇ ಕಣಯ್ಯ" ಎಂದರು ಯಜಮಾನರು. "ಶುಕ್ರವಾರ ಇದನ್ನ ಎತ್ತಿಡೋವಾಗ ನನ್ನ ಹೆಗಲ ಮೇಲಿನ ಟವೆಲ್ಲು ಜಾರಿ ಎಲ್ಲಾ ಬಿಳುಪೂ ಒರೆಸ್ಕೊಂಡು ಹೋಯ್ತು. ಐದು ವರ್ಷ ಸಾಕಿದ್ದು, ಮನಸ್ಸು ತಡೀಲಿಲ್ಲ. ಇವಳ ಹತ್ರ ಹಿಟ್ಟು ಹಾಕಿಸ್ದೆ."

"ಟೀ ಸೋಸೋ ಜರಡೀಲಿ" ಎಂದರು ನಡುವೆ ಕೂತಿದ್ದ ಆಂಜನಮ್ಮ, ಸೆರಗಿನಲ್ಲಿ ಮುಖ ಅರ್ಧ ಮುಚ್ಚಿಕೊಂಡು. "ಬೇಡ ಅಂದೆ. ಕೇಳ್ಲಿಲ್ಲ. ಅದಕ್ಕೇ ಯಾರೂ ಮುಟ್ಬೇಡಿ ಅಂತ ನಿನಗೆ ಅಷ್ಟು ಹೇಳಿದ್ದು."

ಆಟೋ ಎಂಬತ್ತಡಿ ರಸ್ತೆಯ ಸಿಗ್ನಲ್ ದಾಟಿತು. ವೆಂಕಟಸ್ವಾಮಿ ತಾನು ಮಾಡಿದ್ದನ್ನು ಬಚ್ಚಿಡಬಹುದಿತ್ತು. ಆದರೆ ಯಮುನಾಳ ಕುರ್ಚಿ ಹೊತ್ತ ಮನುಷ್ಯನ ಪಕ್ಕ ಕೂತು ಬಚ್ಚಿಡಲು ಅವನಿಗೆ ಮನಸ್ಸಾಗಲಿಲ್ಲ. ಒರೆಸಿದ್ದು, ನರ್ಸರಿ, ಮುರಿದ ಎಲೆ, ವಿಭೂತಿ, ಆತಿಕಾಳ ಮೂರು ಡಬ್ಬಿ, ಎಲ್ಲವನ್ನೂ ಒಂದೂ ಬಿಡದೆ ಹೇಳಿ ಕಣ್ಣೊರೆಸಿಕೊಂಡ.

ಯಜಮಾನರು ಬಗ್ಗಿ ಬೆಳ್ಳಿಯನ್ನು ಮೂಸಿ ನೋಡಿದರು. "ಅಂದ್ರೆ ನಾನು ಮಾಡಿದ್ದ ಮೋಸಾನ ನೀನು ಬೆಳಿಗ್ಗೆ ಎಂಟಕ್ಕೇ ಒರೆಸಿ ಕ್ಲೀನ್ ಮಾಡ್ಬಿಟ್ಟಿದ್ದೆ. ಹಂಗೇ ಬಿಟ್ಟಿದ್ರೆ ನಾನು ಬಂದು ನೋಡ್ಬಿಟ್ಟು ಶೋಗೇ ಹೋಗ್ತಿರ್ಲಿಲ್ಲ, ಮರ್ಯಾದೆ ಉಳೀತಿತ್ತು. ನೀವು ಮೂರು ಮನೆಯೋರು ಸೇರ್ಕೊಂಡು ಕಷ್ಟಪಟ್ಟು ಮತ್ತೆ ಹಚ್ಚಿದ್ರಿ" ಎಂದರು. ಹೇಳುತ್ತ ಹೇಳುತ್ತ ಅವರ ಹೊಟ್ಟೆ ಅಲುಗತೊಡಗಿತು. ಆಂಜನಮ್ಮನೂ ನಕ್ಕರು. ಆಟೋದವನು ಕನ್ನಡಿಯಲ್ಲಿ ನೋಡಿ, ಬಹುಮಾನ ಬಂತಾ ಎಂದು ಕೇಳಿದ.

"ನಮ್ಮ ಮೇಲೆ ಅಷ್ಟು ಪ್ರೀತಿ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣಯ್ಯ" ಎಂದು ಯಜಮಾನರು ಕಣ್ಣೊರೆಸಿಕೊಂಡರು. "ಈಗ ಕೇಳು. ನನಗೆ ಎರಡು ವರ್ಷ ಬಾಗಿಲು ಮುಚ್ತು. ನಿನಗೆ ಮುಚ್ಚಿಲ್ಲ. ಹೊಸ ಎಲೆಗೆ ಬಿಳುಪು ತಾನಾಗೇ ಬರುತ್ತೆ, ಯಾರೂ ಮುಟ್ಟದೇ ಇದ್ರೆ. ಬೆಳ್ಳಿ ನಿನ್ನ ಮನೇಲಿರ್ಲಿ, ಮುಂದಿನ ವರ್ಷ ನಿನ್ನ ಹೆಸರಲ್ಲೇ ಇಡೋಣ. ಋಣ ಋಣ ಅಂತಿದ್ಯಲ್ಲ, ತೀರಿಸು."

ಇಷ್ಟಾದ ಮೇಲೂ ನಂಬಿ ಕೈಗೆ ಕೊಡುವವರುಂಟೇ? ವೆಂಕಟಸ್ವಾಮಿಯ ಹೃದಯ ತುಂಬಿ ಬಂತು. "ಕಣ್ಣಲ್ಲಿಟ್ಟು ಕಾಯ್ತೀನಿ ಯಜಮಾನ್ರೇ" ಎಂದ.

"ಮಿಕ್ಕ ಮೂವತ್ತೆಂಟು?" ಎಂದು ಕೇಳಿದರು ಆಂಜನಮ್ಮ.

"ಅವನ್ನೂ ನನ್ನ ಹೆಸರಲ್ಲಿ ಇಡೋ ಹಾಗಿಲ್ವಲ್ಲ. ಸಾಯಬಣ್ಣಂಗೆ ಹೇಳೋಣ, ನಾಳೆ ಎಲ್ಲಾನೂ ಇವನ ಮನೆಗೆ ಇಳಿಸ್ಲಿ."

ವೆಂಕಟಸ್ವಾಮಿ ತನ್ನ ಎರಡು ಕೋಣೆಯ ಮನೆಯನ್ನು ಮನಸ್ಸಿನಲ್ಲೇ ಅಳೆಯುತ್ತಿರುವಾಗ ಆಟೋ ಗೇಟಿನ ಮುಂದೆ ನಿಂತಿತು. ಯಮುನಾ ನಗುತ್ತ ಬಾಗಿಲು ತೆಗೆದಳು. "ರೀ, ಇಲ್ಲಿ ನೋಡಿ, ನೀವು ಅತ್ತ ಹೋದ್ರಿ, ಇತ್ತ ಇವಳು ನಡೆಯಕ್ಕೆ ಶುರು ಮಾಡಿದ್ಲು" ಎಂದಳು. ದೀಪು ತಾಯಿಯ ಸೀರೆ ಬಿಟ್ಟು, ತಪ್ಪು ಹೆಜ್ಜೆಗಳನ್ನಿಡುತ್ತ, ಎರಡೂ ಕೈ ಚಾಚಿಕೊಂಡು ನೇರವಾಗಿ ಅಪ್ಪನ ಕೈಯಲ್ಲಿದ್ದ ಬೆಳ್ಳಿಯ ಕಡೆಗೆ ಬಂದಳು.